ಲಾಳಿ ತುಂಬಿದ ಹುಡುಗಿಗಾಗಿ ಕಾದ ಬುದ್ಧರು

*ಇಂದಿನ ಧಮ್ಮ ಚಿಂತನೆ*

ನಮ್ಮ ಮನೆಯ ಅಲಮಾರಿನ ಕೆಳಗಿನ ಖಾನೆಯಲ್ಲಿ ಒಂದು ಬಟ್ಟೆಯ ಚೀಲವಿದೆ. ಅದರಲ್ಲಿ ನೀಲಿ ಉಲ್ಲನ್ ದಾರದ ನಾಲ್ಕು ಉಂಡೆ, ಎರಡು ಕಡ್ಡಿ, ಅರ್ಧ ಹೆಣೆದ ಒಂದು ಸ್ವೆಟರ್. ಮಗಳು ಎರಡನೇ ತರಗತಿಯಲ್ಲಿದ್ದಾಗ ಅವಳಿಗೆಂದು ಶುರು ಮಾಡಿದ್ದು. ಈಗ ಅವಳು ಐದನೇ ತರಗತಿ. ಬೆನ್ನಿನ ಭಾಗ ಮುಗಿದಿದೆ, ಎದೆಯ ಭಾಗ ಕಂಕುಳವರೆಗೆ ಬಂದು ನಿಂತಿದೆ, ತೋಳು ಶುರುವೇ ಆಗಿಲ್ಲ. ಮೊನ್ನೆ ಚಳಿ ಹೆಚ್ಚಾದಾಗ ಮಗಳು ಆ ಚೀಲ ಹೊರತೆಗೆದು, ಬೆನ್ನಿನ ತುಂಡನ್ನು ಮೈಗೆ ಹಿಡಿದು ನೋಡಿದಳು. ಸೊಂಟದವರೆಗೂ ಬರಲಿಲ್ಲ. "ಮಮ್ಮಿ, ಇದು ಈಗ ಯಾರಿಗೆ?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಇಂಥ ಚೀಲ ನಿಮ್ಮ ಮನೆಯಲ್ಲೂ ಇರಬಹುದು. ಅರ್ಧ ಹೊಲಿದ ಕೌದಿ, ಒಂದೇ ಅಂಚು ಮುಗಿದ ಕ್ರೋಶಾ, ಹೂವು ಬಿಡಿಸಿ ದಾರ ಹಾಕದೆ ಉಳಿದ ದಿಂಬಿನ ಚೀಲ. "ನಿಂದು ಬರೀ ಶುರು ಮಾಡೋದ ಆತು, ಮುಗಿಸೋದು ಯಾವಾಗ?" ಎಂಬ ಮಾತು ನಾವೆಲ್ಲ ಕೇಳಿದ್ದೇವೆ. ನಾನೂ ನನ್ನನ್ನೇ ಸೋಮಾರಿ ಎಂದು ಬೈದುಕೊಂಡಿದ್ದೆ. ಆದರೆ ಈ ವಾರ ಧಮ್ಮಪದದ ಅಟ್ಟಕಥೆಯಲ್ಲಿ ಲೋಕವಗ್ಗಕ್ಕೆ ಸೇರಿದ ಒಂದು ಪ್ರಸಂಗವನ್ನು ಮತ್ತೆ ಓದಿದೆ. ಹಿಂದೆ ಓದುವಾಗ ಗಮನಿಸದ ಒಂದು ಸಂಗತಿ ಈ ಸಲ ಕಣ್ಣಿಗೆ ಬಿತ್ತು.

*ಆಳವಿಯ ನೇಕಾರರ ಹುಡುಗಿ*

ಬುದ್ಧರು ಆಳವಿ ಎಂಬ ಊರಿಗೆ ಬಂದಾಗ ಮರಣದ ಅರಿವಿನ ಬಗ್ಗೆ ಉಪದೇಶ ಮಾಡಿದರು. ಬದುಕು ನಿಶ್ಚಿತವಲ್ಲ, ಸಾವು ನಿಶ್ಚಿತ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಎಚ್ಚರದಿಂದ ಬಾಳಿ ಎಂಬುದು ಅದರ ಸಾರ. ಕೇಳಿದವರೆಲ್ಲ ಎದ್ದು ತಮ್ಮ ತಮ್ಮ ಕೆಲಸಕ್ಕೆ ಹೋದರು. ಹದಿನಾರು ವರ್ಷದ ನೇಕಾರರ ಹುಡುಗಿಯೊಬ್ಬಳು ಮಾತ್ರ ಆ ಮಾತನ್ನು ಬಿಡಲಿಲ್ಲ. ಮೂರು ವರ್ಷ ಹಗಲಿರುಳು ಅದನ್ನೇ ಚಿಂತಿಸಿದಳು.

ಮೂರು ವರ್ಷದ ನಂತರ ಬುದ್ಧರು ಮತ್ತೆ ಆಳವಿಗೆ ಬಂದರು. ಹುಡುಗಿಗೆ ಸಂತೋಷವಾಯಿತು. ಆದರೆ ಅಂದೇ ಬೆಳಿಗ್ಗೆ ಮಗ್ಗದ ಮನೆಗೆ ಹೊರಟಿದ್ದ ತಂದೆ ಅವಳಿಗೊಂದು ಕೆಲಸ ಹೇಳಿದ್ದ. ಗಿರಾಕಿಯೊಬ್ಬರ ಬಟ್ಟೆ ಮಗ್ಗದ ಮೇಲಿತ್ತು, ಒಂದು ಗೇಣು ನೇಯುವುದು ಬಾಕಿ ಇತ್ತು. ಅದನ್ನು ಇಂದೇ ಮುಗಿಸಬೇಕು, ಬೇಗ ಲಾಳಿಗೆ ನೂಲು ಸುತ್ತಿ ತಾ ಎಂದಿದ್ದ. ಹುಡುಗಿ ಇಕ್ಕಟ್ಟಿಗೆ ಸಿಕ್ಕಿದಳು. ಧಮ್ಮ ಕೇಳಲು ಹೋದರೆ ಅಪ್ಪ ಹೊಡೆಯುತ್ತಾನೆ. ನೂಲು ಸುತ್ತುತ್ತ ಕೂತರೆ ಉಪದೇಶ ತಪ್ಪುತ್ತದೆ. ಕೊನೆಗೆ ಅವಳು ನೂಲು ಸುತ್ತಿ ಮುಗಿಸಿ, ಲಾಳಿಯ ಬುಟ್ಟಿ ಹಿಡಿದು, ಮಗ್ಗದ ಮನೆಗೆ ಹೋಗುವ ದಾರಿಯಲ್ಲಿ ಸಭೆಯ ಅಂಚಿಗೆ ಬಂದು ನಿಂತಳು.

ನಾನು ಈ ಸಲ ಗಮನಿಸಿದ್ದು ಇಲ್ಲಿ. ಊರಿನ ಜನ ಊಟ ಬಡಿಸಿ, ಉಪದೇಶ ಕೇಳಲು ಕುಳಿತಿದ್ದರು. ಬುದ್ಧರು ಮಾತು ಶುರು ಮಾಡಿರಲಿಲ್ಲ. ಸುಮ್ಮನೆ ಕುಳಿತಿದ್ದರು. ಅವರು ಕಾಯುತ್ತಿದ್ದುದು ಮನೆಗೆಲಸ ಮುಗಿಯದೆ ಬರಲಾರದ ಆ ಹುಡುಗಿಗಾಗಿ.

ಅವಳು ಬಂದ ಮೇಲೆ ಹತ್ತಿರ ಕರೆದು ನಾಲ್ಕು ಪ್ರಶ್ನೆ ಕೇಳಿದರು. ಎಲ್ಲಿಂದ ಬಂದೆ ಎಂದರೆ ಗೊತ್ತಿಲ್ಲ ಎಂದಳು. ಎಲ್ಲಿಗೆ ಹೋಗುತ್ತೀ ಎಂದರೂ ಗೊತ್ತಿಲ್ಲ ಎಂದಳು. ಗೊತ್ತಿಲ್ಲವೇ ಎಂದರೆ ಗೊತ್ತು ಎಂದಳು. ಗೊತ್ತೇ ಎಂದರೆ ಗೊತ್ತಿಲ್ಲ ಎಂದಳು. ಜನ ಸಿಡಿಮಿಡಿಗೊಂಡರು: ನೇಕಾರರ ಹುಡುಗಿ, ಅಪ್ಪನ ಮನೆಯಿಂದ ಬಂದೆ, ಮಗ್ಗದ ಮನೆಗೆ ಹೋಗುತ್ತೇನೆ ಎನ್ನಬಾರದೇ? ಬುದ್ಧರು ಜನರನ್ನು ಸುಮ್ಮನಾಗಿಸಿ ಅವಳಿಂದಲೇ ಅರ್ಥ ಹೇಳಿಸಿದರು. ಮನೆಯಿಂದ ಬಂದದ್ದು ನಿಮಗೂ ಗೊತ್ತು, ನೀವು ಕೇಳಿದ್ದು ಹುಟ್ಟಿನ ಹಿಂದಿನದು, ಸಾವಿನ ಮುಂದಿನದು. ಸಾಯುವುದು ಖಚಿತವೆಂದು ಗೊತ್ತು, ಯಾವಾಗ ಎಂದು ಗೊತ್ತಿಲ್ಲ ಎಂದಳು. ಪ್ರತಿ ಉತ್ತರಕ್ಕೂ ಬುದ್ಧರು ಮೆಚ್ಚುಗೆ ಸೂಚಿಸಿದರು. ಕಣ್ಣಿದ್ದವರು ವಿರಳ ಎಂಬ ಅರ್ಥದ ಗಾಥೆಯನ್ನು ಅವರು ಹೇಳಿದ್ದು ಈ ಸಂದರ್ಭದಲ್ಲಿ.

ಕಥೆಯ ಕೊನೆ ದುಃಖದ್ದು. ಹುಡುಗಿ ಬುಟ್ಟಿ ಹಿಡಿದು ಮಗ್ಗದ ಮನೆಗೆ ಹೋದಾಗ ತಂದೆ ಕೂತಲ್ಲೇ ನಿದ್ದೆ ಹೋಗಿದ್ದ. ಬುಟ್ಟಿ ತಾಗಿ ಸದ್ದಾಯಿತು. ಬೆಚ್ಚಿ ಎದ್ದವನು ಮಗ್ಗ ಎಳೆದಾಗ ಅದರ ಮರ ಅವಳ ಎದೆಗೆ ಬಡಿದು ಅವಳು ತೀರಿಕೊಂಡಳು. ತಂದೆ ಅಳುತ್ತ ಬುದ್ಧರ ಬಳಿ ಹೋದ, ಸಮಾಧಾನ ಪಡೆದು ಸಂಘ ಸೇರಿದ. ಗಿರಾಕಿಯ ಒಂದು ಗೇಣು ಬಟ್ಟೆ ಏನಾಯಿತೆಂದು ಕಥೆ ಹೇಳುವುದಿಲ್ಲ. ಹುಡುಗಿ ಮಾತ್ರ ತಾನು ಹಿಡಿದ ಮೂರು ವರ್ಷದ ಕೆಲಸವನ್ನು ಮುಗಿಸಿದ್ದಳು.

*ಲಾಳಿಯ ಇನ್ನೊಂದು ನೆನಪು*

ಲಾಳಿ ಎಂದಾಗ ನಮ್ಮ ಜನರಿಗೆ ಇನ್ನೊಂದು ವಿಷಯ ನೆನಪಾಗಬೇಕು. ಮುಂಬೈಯ ಬಟ್ಟೆ ಗಿರಣಿಗಳಲ್ಲಿ ನಮ್ಮವರಿಗೆ ನೂಲುವ ವಿಭಾಗದಲ್ಲಿ ಕೆಲಸ ಸಿಗುತ್ತಿತ್ತು, ಹೆಚ್ಚು ಕೂಲಿಯ ನೇಯ್ಗೆ ವಿಭಾಗದ ಬಾಗಿಲು ಮುಚ್ಚಿತ್ತು. ಕಾರಣವೇನು? ಲಾಳಿಯ ಕಣ್ಣಿನಿಂದ ನೂಲನ್ನು ಬಾಯಿಂದ ಹೀರಿ ಎಳೆಯಬೇಕಿತ್ತು. ಅಸ್ಪೃಶ್ಯರ ಬಾಯಿ ಸೋಕಿದ ಲಾಳಿಯನ್ನು ಮುಟ್ಟುವುದಿಲ್ಲ ಎಂದು ಸವರ್ಣ ಕಾರ್ಮಿಕರು ಹಟ ಹಿಡಿದಿದ್ದರು. 1928ರ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಈ ಅನ್ಯಾಯವನ್ನು ಕಾರ್ಮಿಕ ನಾಯಕರ ಮುಂದಿಟ್ಟು ಪ್ರಶ್ನಿಸಿದರು. ಆದ್ದರಿಂದ ನೂಲು, ದಾರ, ಕಡ್ಡಿಯ ಕೆಲಸವನ್ನು "ಹೆಂಗಸರ ಹೊತ್ತು ಕಳೆಯುವ ಕೆಲಸ" ಎಂದು ಹಗುರಾಗಿ ಕಾಣಬಾರದು. ಅದು ಕೌಶಲ. ಕೌಶಲದಿಂದ ಒಬ್ಬರನ್ನು ದೂರವಿಡುವ ದಾರಿಗಳು ಹಲವು. ಬಾಗಿಲು ಮುಚ್ಚುವುದು ಒಂದು. ಕುಳಿತುಕೊಳ್ಳಲು ಬಿಡದಿರುವುದು ಇನ್ನೊಂದು.

*ನಾನು ಎಣಿಸಿದ್ದು*

ಕಥೆ ಓದಿದ ಸಂಜೆ ನಾನೊಂದು ಪರೀಕ್ಷೆ ಮಾಡಿದೆ. ಸ್ವೆಟರ್ ಹಿಡಿದು ಒಂದು ಗಂಟೆ ಕುಳಿತೆ. ಎದ್ದದ್ದು ಏಳು ಸಲ. ಕುಕ್ಕರ್, ಅತ್ತೆಯ ಮಾತ್ರೆ, ಹಾಲಿನವನು, ಮಗಳ ಗಣಿತ, ಫೋನು, ನೀರಿನ ಮೋಟಾರು, ಮತ್ತೆ ಕುಕ್ಕರ್. ಹೆಣೆದದ್ದು ಎರಡು ಸಾಲು. ಅದರಲ್ಲೂ ಒಂದು ಕುಣಿಕೆ ಜಾರಿ, ಬಿಚ್ಚಿ ಮತ್ತೆ ಹಾಕಬೇಕಾಯಿತು. ಅದೇ ಒಂದು ಗಂಟೆ ಪಕ್ಕದ ಕೋಣೆಯಲ್ಲಿ ನನ್ನ ಮನೆಯವರು ಬಳಗದಲ್ಲಿ ಮಾತಾಡಲು ಟಿಪ್ಪಣಿ ಬರೆಯುತ್ತಿದ್ದರು. ಅವರು ಒಂದು ಸಲವೂ ಏಳಲಿಲ್ಲ. ಅವರ ವಿಷಯ ಸಮಾನತೆ.

ಅವರು ಕೆಟ್ಟವರಲ್ಲ. ನಾನು ಏಳು ಮತ್ತು ಸೊನ್ನೆಯ ಲೆಕ್ಕ ಹೇಳಿದಾಗ ಮೊದಲು ನಕ್ಕರು, ಆಮೇಲೆ ಪೆನ್ನು ಕೆಳಗಿಟ್ಟರು. ನಾವು ಸ್ವೀಕರಿಸಿದ 22 ಪ್ರತಿಜ್ಞೆಗಳಲ್ಲಿ ಸಮಾನತೆಗಾಗಿ ಶ್ರಮಿಸುವ ಪ್ರತಿಜ್ಞೆಯೂ ಇದೆ. ಅದು 1956ರ ಅಕ್ಟೋಬರ್ 14ರಂದು ನಾಗಪುರದ ಮೈದಾನದಲ್ಲಿ ಹೇಳಿ ಮುಗಿಸಿದ ಮಾತಲ್ಲ. ಪ್ರತಿ ಸಂಜೆ ಅಡುಗೆಮನೆಯಲ್ಲಿ ಪಾಲಿಸಬೇಕಾದ ಮಾತು.

*ಇಂದಿನ ಪಾಠ*

1. *ವೀರ್ಯ, ಅಧಿಷ್ಠಾನ, ಉಪೇಕ್ಷೆ.* 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಹತ್ತು ಪಾರಮಿತೆಗಳನ್ನು ವಿವರಿಸುತ್ತಾರೆ. ಕೈಗೊಂಡದ್ದನ್ನು ಹಿಂದೆ ನೋಡದೆ ಪೂರ್ಣ ಶಕ್ತಿಯಿಂದ ಮಾಡುವುದು ವೀರ್ಯ. ಗುರಿ ಮುಟ್ಟುವ ದೃಢ ನಿಶ್ಚಯ ಅಧಿಷ್ಠಾನ. ಫಲಕ್ಕೆ ಅಂಟಿಕೊಳ್ಳದೆಯೂ ಪ್ರಯತ್ನ ಬಿಡದಿರುವುದು ಉಪೇಕ್ಷೆ, ಅದು ಉದಾಸೀನವಲ್ಲ. ಅರ್ಧ ಸ್ವೆಟರ್ ನೋಡಿ ನಾಚಿ ಚೀಲ ಮುಚ್ಚುವುದು ಉದಾಸೀನ. ಇವತ್ತು ನಾಲ್ಕು ಸಾಲು ಹಾಕುತ್ತೇನೆ ಎನ್ನುವುದು ಅಧಿಷ್ಠಾನ.

2. *ಮುಗಿಸುವುದು ಒಬ್ಬರ ಕೆಲಸವಲ್ಲ.* ವರ್ಷಾವಾಸ ಮುಗಿದ ಮೇಲೆ ನಡೆಯುವ ಕಠಿನ ಚೀವರ ದಾನವನ್ನು ನೆನೆಯಿರಿ. ದಾನವಾಗಿ ಬಂದ ಬಟ್ಟೆಯನ್ನು ಅದೇ ದಿನ ಕತ್ತರಿಸಿ, ಹೊಲಿದು, ಬಣ್ಣ ಹಾಕಿ ಚೀವರ ಮಾಡಬೇಕು. ಒಬ್ಬ ಭಿಕ್ಖುವಿನಿಂದ ಆಗುವ ಕೆಲಸವಲ್ಲ, ಅದಕ್ಕೆ ಸಂಘವೇ ಕೈ ಹಾಕುತ್ತದೆ. ನಮ್ಮ ಅವ್ವಂದಿರು ಕೌದಿ ಹೊಲಿಯುವಾಗ ಓಣಿಯ ನಾಲ್ಕು ಮಂದಿ ನಾಲ್ಕು ಮೂಲೆ ಹಿಡಿದು ಕೂಡುತ್ತಿದ್ದುದೂ ಹೀಗೆಯೇ. ಹಾಸಿಗೆ ಹೊಕ್ಕು ಕೂಡಿದರೆ ಬಟ್ಟೆ. ಒಂದೇ ಎಳೆ ಎಷ್ಟು ಗಟ್ಟಿಯಿದ್ದರೂ ಬಟ್ಟೆಯಾಗದು.

3. *ಅಪೂರ್ಣವಾದದ್ದು ವ್ಯರ್ಥವಲ್ಲ.* ಬಾಬಾಸಾಹೇಬರು 1956ರ ಡಿಸೆಂಬರ್ 6ರಂದು ಪರಿನಿರ್ವಾಣ ಹೊಂದಿದರು. 'ಬುದ್ಧ ಮತ್ತು ಆತನ ಧಮ್ಮ' ಮುಗಿದಿತ್ತು, 1957ರಲ್ಲಿ ಅಚ್ಚಾಯಿತು. 'ಕ್ರಾಂತಿ ಮತ್ತು ಪ್ರತಿಕ್ರಾಂತಿ' ಅರ್ಧಕ್ಕೇ ಉಳಿದಿತ್ತು. ಅದರ ಹಾಳೆಗಳನ್ನು ಜೋಪಾನ ಮಾಡಿದ್ದರಿಂದ 1987ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಂಪುಟದಲ್ಲಿ ನಮಗೆ ದೊರೆಯಿತು. ಯಾವುದನ್ನು ಮುಗಿಸಬೇಕು, ಯಾವುದನ್ನು ಜೋಪಾನ ಮಾಡಬೇಕು, ಯಾವುದನ್ನು ಬಿಚ್ಚಬೇಕು ಎಂದು ತಿಳಿಯುವುದು ಸಮ್ಯಕ್ ದೃಷ್ಟಿಗೆ ಸೇರಿದ್ದು.

*ಈಗ ಏನಾಗಿದೆ*

ಸ್ವೆಟರನ್ನು ಬಿಚ್ಚಿದ್ದೇವೆ. ಮಗಳು ತುದಿ ಹಿಡಿದು ಎಳೆದಳು, ಅವಳಪ್ಪ ಉಂಡೆ ಸುತ್ತಿದರು. ಮೂರು ವರ್ಷದ ಕೆಲಸ ಅರ್ಧ ಗಂಟೆಯಲ್ಲಿ ಬಿಚ್ಚಿಹೋದಾಗ ಹೊಟ್ಟೆಯಲ್ಲಿ ಸಂಕಟವಾದದ್ದು ನಿಜ. ಆದರೆ ಒಂದು ಗಜ ದಾರವೂ ಹಾಳಾಗಲಿಲ್ಲ. ಅದೇ ದಾರದಲ್ಲಿ ಈಗಿನ ಅಳತೆಗೆ ತೋಳಿಲ್ಲದ ಸ್ವೆಟರ್ ಶುರುವಾಗಿದೆ. ಮಂಗಳವಾರ ಮತ್ತು ಶುಕ್ರವಾರ ಸಂಜೆ ಏಳರಿಂದ ಎಂಟು ನಾನು ಏಳುವುದಿಲ್ಲ. ಕುಕ್ಕರ್ ಕೂಗಿದರೂ ಏಳುವುದಿಲ್ಲ. ಮೊದಲ ವಾರ ಅನ್ನ ಸ್ವಲ್ಪ ಮುದ್ದೆಯಾಯಿತು, ಎಲ್ಲರೂ ಉಂಡೆವು.

ಕೊನೆಯದಾಗಿ ಬಳಗದ ಮುಂದೆ ಒಂದು ವಿನಂತಿ. ನಮ್ಮ ಭಾನುವಾರದ ಅಧ್ಯಯನ ಎಂಟೂವರೆಗೆ ಶುರುವಾಗುತ್ತದೆ. ಹೆಣ್ಣುಮಕ್ಕಳು ನಾಷ್ಟಾ ಮಾಡಿಟ್ಟು, ಪಾತ್ರೆ ತೊಳೆದು ಬರುವಷ್ಟರಲ್ಲಿ ತ್ರಿಶರಣ, ಪಂಚಶೀಲ ಮುಗಿದು ಪಾಠ ಅರ್ಧವಾಗಿರುತ್ತದೆ. ಹಿಂದಿನ ಸಾಲಿನಲ್ಲಿ ಕೂತು, ಅರ್ಧ ಕೇಳಿ, ಅಡುಗೆಗೆ ಹೊತ್ತಾಯಿತೆಂದು ಮೊದಲೇ ಎದ್ದು ಹೋಗುತ್ತಾರೆ. ಆಮೇಲೆ "ಹೆಣ್ಣುಮಕ್ಕಳಿಗೆ ಆಸಕ್ತಿ ಇಲ್ಲ" ಎಂದು ನಾವೇ ಹೇಳುತ್ತೇವೆ. ಆಳವಿಯಲ್ಲಿ ಊರಿಗೆ ಊರೇ ಕುಳಿತಿದ್ದರೂ ಬುದ್ಧರು ಒಬ್ಬ ಹುಡುಗಿಗಾಗಿ ಕಾದರು. ನಾವು ಸಮಯವನ್ನು ಹತ್ತು ಗಂಟೆಗೆ ಇಡೋಣ. ಆ ದಿನದ ನಾಷ್ಟಾವನ್ನು ಗಂಡಸರು ಮಾಡಲಿ. ಕಡ್ಡಿ, ದಾರ, ಕೌದಿ ಇದ್ದವರು ಜೊತೆಗೆ ತರಲಿ. ಕೈ ಹೆಣೆಯುತ್ತಿದ್ದರೂ ಕಿವಿ ಕೇಳುತ್ತದೆ.

*ಇಂದು ಮನೆಯಲ್ಲಿ ಚರ್ಚಿಸಲು:* ನಮ್ಮ ಮನೆಯಲ್ಲಿ ಯಾರ ಕೆಲಸ ಅರ್ಧಕ್ಕೆ ನಿಂತಿದೆ? ಅವರು ಒಂದು ಗಂಟೆಯಲ್ಲಿ ಎಷ್ಟು ಸಲ ಏಳುತ್ತಾರೆ? ಎಣಿಸಿ ನೋಡಿ, ಸಂಖ್ಯೆಯನ್ನು ಗುಂಪಿನಲ್ಲಿ ಹಾಕಿ.

ಎಲ್ಲರಿಗೂ ಮಂಗಳವಾಗಲಿ.
ಜೈ ಭೀಮ್. ನಮೋ ಬುದ್ಧಾಯ.