ಕಂಬಳಿಯ ಜೊತೆಗೆ ಇನ್ನೇನು ಕೊಡಬೇಕು?



ಸಂತ ಮಾರ್ಕರ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ಕುಷ್ಠರೋಗಿಯೊಬ್ಬ ಪ್ರಭು ಯೇಸುವಿನ ಬಳಿಗೆ ಬರುತ್ತಾನೆ. ಪ್ರಭು ಮೊದಲು ಕೈಚಾಚಿ ಅವನನ್ನು ಮುಟ್ಟುತ್ತಾರೆ. ರೋಗ ವಾಸಿಯಾಗುವುದು ಆಮೇಲೆ. ದೂರದಿಂದಲೇ ಗುಣಪಡಿಸಲು ಶಕ್ತರಾಗಿದ್ದವರು ಮುಟ್ಟಿ ಗುಣಪಡಿಸಿದರು. ಈ ಕ್ರಮವನ್ನು ಗಮನಿಸಿ.

ಡಿಸೆಂಬರ್ ಚಳಿಯಲ್ಲಿ ಬೆಂಗಳೂರಿನ ಮೆಜೆಸ್ಟಿಕ್, ಕೆ.ಆರ್. ಮಾರುಕಟ್ಟೆಯ ಸುತ್ತ ಬೀದಿಬದಿಯಲ್ಲಿ ಮಲಗುವವರಿಗೆ ನಮ್ಮ ಯುವಜನರು ಕಂಬಳಿ ಹಂಚುವುದುಂಟು. ಅದು ಒಳ್ಳೆಯ ಕೆಲಸವೇ. ಆದರೆ ಕಂಬಳಿ ಕೊಟ್ಟೊಡನೆ ಕೈ ಹಿಂತೆಗೆದುಕೊಳ್ಳುವವರೂ ಇದ್ದಾರೆ. 'ಇವರಿಗೆ ಏಡ್ಸ್ ಇದ್ದರೆ?' ಎಂಬ ಅಂಜಿಕೆ ಅವರದು.

ಮೊದಲು ಆ ಅಂಜಿಕೆ ತೊಲಗಲಿ. ಎಚ್.ಐ.ವಿ. ಹರಡುವುದು ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ, ಸೋಂಕಿತ ಸೂಜಿಯಿಂದ, ಸೋಂಕಿತ ರಕ್ತದಿಂದ ಹಾಗೂ ತಾಯಿಯಿಂದ ಮಗುವಿಗೆ. ಕೈ ಕುಲುಕುವುದರಿಂದ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಸೊಳ್ಳೆಯಿಂದ ಹರಡದು. 2004ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಎ.ಆರ್.ಟಿ. ಔಷಧ ಉಚಿತವಾಗಿ ದೊರೆಯುತ್ತಿದೆ. ಅದನ್ನು ತಪ್ಪದೆ ಸೇವಿಸಿ, ವೈರಾಣು ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸೋಂಕು ಇನ್ನೊಬ್ಬರಿಗೆ ಹರಡುವುದಿಲ್ಲ.

ಆದರೆ ಪ್ರತಿದಿನದ ಆ ಮಾತ್ರೆಗೆ ಒಂದು ಮನೆ ಬೇಕು! ಬೀದಿಯಲ್ಲಿರುವವನಿಗೆ ಡಬ್ಬಿ ಇಡಲು ಬೀಗದ ಪೆಟ್ಟಿಗೆಯಿಲ್ಲ. ರಾತ್ರಿ ಚೀಲ ಕಳವಾದರೆ ಔಷಧವೂ ಹೋಯಿತು, ಚಿಕಿತ್ಸೆಯ ಕಾರ್ಡೂ ಹೋಯಿತು. ಹಸಿದ ಹೊಟ್ಟೆಗೆ ನಾಳೆಯ ಮಾತ್ರೆಗಿಂತ ಇಂದಿನ ಊಟವೇ ದೊಡ್ಡದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ: 'ಗುರುಗಳೇ, ಇದು ಅವರವರ ಪಾಪದ ಫಲವಲ್ಲವೇ?' ಮನುಷ್ಯನ ಕೃತ್ಯಕ್ಕೆ ಅರಿವು ಮತ್ತು ಸ್ವಇಚ್ಛೆ ಎರಡೂ ಬೇಕೆಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದರು. ಅಜ್ಞಾನ, ಭಯ, ಬಲಾತ್ಕಾರಗಳು ಹೊಣೆಯನ್ನು ತಗ್ಗಿಸುತ್ತವೆ ಎಂಬುದು ಧರ್ಮಸಭೆಯ ಬೋಧನೆ. ಚಿಲಕ ಹಾಕಲು ಬಾಗಿಲೇ ಇಲ್ಲದ ಹೆಣ್ಣಿಗೆ ಪರಿಶುದ್ಧತೆಯನ್ನು ಬೋಧಿಸಿದರಷ್ಟೇ ಸಾಕೇ? ಬೋಧನೆ ಸುಳ್ಳಲ್ಲ, ಅದಕ್ಕೆ ಮೊದಲು ನಾವು ಒಂದು ಬಾಗಿಲನ್ನು ಕೊಡಬೇಕಾಗಿದೆ. 2010ರಲ್ಲಿ ಪ್ರಕಟವಾದ ಸಂದರ್ಶನ ಗ್ರಂಥದಲ್ಲಿ ಜಗದ್ಗುರು 16ನೇ ಬೆನೆಡಿಕ್ಟರು, ಸೋಂಕು ತಗಲದಿರಲೆಂದು ಕಾಂಡೋಮ್ ಬಳಸುವುದು ನಿಜವಾದ ನೈತಿಕ ಪರಿಹಾರವಲ್ಲದಿದ್ದರೂ, ಕೆಲವರ ವಿಷಯದಲ್ಲಿ ಹೊಣೆಗಾರಿಕೆಯತ್ತ ಮೊದಲ ಹೆಜ್ಜೆಯಾಗಬಹುದು ಎಂದರು. ಮೊದಲ ಹೆಜ್ಜೆ ಇಡುವವನನ್ನು ಬೈದು ಹಿಂದಕ್ಕೆ ಅಟ್ಟುವುದು ಕುರುಬನ ಕೆಲಸವಲ್ಲ.

ಹಾಗಾದರೆ ನಾವೇನು ಮಾಡಬಹುದು?

ಒಂದು, ಒಂದೇ ದಿನದ ದಾನಕ್ಕಿಂತ ವಾರವಾರದ ಭೇಟಿ ಮೇಲು. ಹೆಸರು ಕೇಳಿ, ಪಕ್ಕದಲ್ಲಿ ಕುಳಿತು ಚಹಾ ಕುಡಿಯಿರಿ. ನಂಬಿಕೆ ಬೆಳೆದ ಮೇಲಷ್ಟೇ ರೋಗದ ಮಾತು.

ಎರಡು, ಪರೀಕ್ಷೆಗೆ ಒಪ್ಪಿದವರ ಜೊತೆಯಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆಪ್ತಸಮಾಲೋಚನೆ ಮತ್ತು ಪರೀಕ್ಷೆ ಉಚಿತ. 1097 ಸಂಖ್ಯೆಗೆ ಕರೆಮಾಡಿಯೂ ಮಾಹಿತಿ ಪಡೆಯಬಹುದು. ಒತ್ತಾಯ ಬೇಡ. 2017ರ ಎಚ್.ಐ.ವಿ. ಕಾಯಿದೆ ಪರೀಕ್ಷೆಗೆ ಒಪ್ಪಿಗೆ ಬೇಕೆನ್ನುತ್ತದೆ, ಗುಟ್ಟನ್ನೂ ಕಾಯುತ್ತದೆ.

ಮೂರು, ತಿಳಿದದ್ದನ್ನು ಬಾಯಿಬಿಡಬೇಡಿ. 'ಪಾಪ, ಅವನಿಗೆ ಆ ಕಾಯಿಲೆ' ಎಂಬ ಒಂದು ಪಿಸುಮಾತು ಸಾಕು, ಅವನು ಆಸ್ಪತ್ರೆಯ ದಾರಿಯನ್ನೇ ಮರೆಯುತ್ತಾನೆ.

ನಾಲ್ಕು, ನಿಮ್ಮ ಊರಿನ ರಾತ್ರಿ ವಸತಿಗೃಹ ಎಲ್ಲಿದೆ, ಅಲ್ಲಿ ಹೆಂಗಸರಿಗೆ ಪ್ರತ್ಯೇಕ ಸ್ಥಳವಿದೆಯೇ ಎಂದು ನೋಡಿ ಬನ್ನಿ. ಇಲ್ಲವಾದರೆ ಪಾಲಿಕೆಯನ್ನು ಕೇಳುವುದೂ ಸೇವೆಯೇ.

1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ, ಸಂತ ಅಲೋಶಿಯಸ್ ಗೊನ್ಜಾಗರು ಬೀದಿಯಲ್ಲಿ ಬಿದ್ದಿದ್ದ ರೋಗಿಗಳನ್ನು ಹೊತ್ತು ಆಸ್ಪತ್ರೆಗೆ ತಂದರು. ಅದೇ ವರ್ಷ ಜೂನ್ 21ರಂದು, 23ರ ಹರೆಯದಲ್ಲಿ ತೀರಿಕೊಂಡರು. ನಮಗೆ ಅಂಥ ಅಪಾಯವೂ ಇಲ್ಲ. ಮುಟ್ಟಿದರೆ ಏನೂ ಆಗದು. ಆದರೂ ಹಿಂಜರಿಯುತ್ತೇವೆ.

ಕುಟುಂಬದಲ್ಲಿ ಚಿಂತನೆಗೆ: ನಮ್ಮ ದೇವಾಲಯದ ಬಾಗಿಲ ಬಳಿ ಕೂರುವವರಲ್ಲಿ ಒಬ್ಬರ ಹೆಸರಾದರೂ ನಮಗೆ ಗೊತ್ತೇ?

ಪ್ರಾರ್ಥನೆ: ಪ್ರಭುವೇ, ನೀವು ಮುಟ್ಟಿದವರನ್ನು ಮುಟ್ಟಲು ನಮ್ಮ ಕೈಗಳಿಗೆ ಧೈರ್ಯ ಕೊಡಿ. ಆಮೆನ್.