ಬಿಲ್ಲೇ ಜಾಮೀನು: ಕೊಬ್ಬರಿ ಸೀಮೆಯ ಉದ್ದಿಮೆಗೆ ಸಾಲದ ಹೊಸ ದಾರಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಬಂಡವಾಳದ ಚಲನೆ ನಿಧಾನ. ತೆಂಗಿನಕಾಯಿ ಉಂಡೆ ಕೊಬ್ಬರಿಯಾಗಲು ಅಟ್ಟದ ಮೇಲೆ ಸುಮಾರು ಹತ್ತು-ಹನ್ನೆರಡು ತಿಂಗಳು ಇರಬೇಕು. ಕೊಬ್ಬರಿ ಪುಡಿ ಹಾಗೂ ನಾರಿನ ಘಟಕಗಳು ಕಚ್ಚಾ ಮಾಲಿಗೆ, ಕೂಲಿಗೆ ಕೂಡಲೇ ಹಣ ತೆರಬೇಕು. ಮಾರಿದ ಸರಕಿನ ಹಣ ಮಾತ್ರ ವಾರಗಳ ನಂತರ ಕೈಸೇರುತ್ತದೆ. ಈ ಅಂತರವನ್ನು ತುಂಬಲು ಬಹುಕಾಲದಿಂದ ಇದ್ದ ಮಾರ್ಗಗಳು ಎರಡು: ಮನೆ-ನಿವೇಶನದ ಅಡಮಾನದ ಮೇಲೆ ಬ್ಯಾಂಕಿನ ಓವರ್‌ಡ್ರಾಫ್ಟ್, ಇಲ್ಲವೇ ಕೈಸಾಲ.

ಬ್ಯಾಂಕಿನ ದೃಷ್ಟಿ ಬದಲಾಗಿದೆ

ಸ್ಥಿರಾಸ್ತಿಯ ಜೊತೆಗೆ ವಹಿವಾಟಿನ ದಾಖಲೆಯೂ ಇಂದು ಸಾಲದ ಅರ್ಹತೆಯನ್ನು ನಿರ್ಧರಿಸುತ್ತಿದೆ. 2021ರಲ್ಲಿ ಕಾರ್ಯಾರಂಭ ಮಾಡಿದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯಲ್ಲಿ, ಗ್ರಾಹಕನು ಒಪ್ಪಿಗೆ ನೀಡಿದರೆ ಅವನ ಖಾತೆಯ ವಿವರ ಸಾಲ ನೀಡುವ ಸಂಸ್ಥೆಗೆ ನೇರವಾಗಿ ತಲುಪುತ್ತದೆ. 2022ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಜಿಎಸ್‌ಟಿ ಜಾಲವನ್ನೂ ಇದಕ್ಕೆ ಸೇರಿಸಿತು. ಬಿಲ್ಲಿಲ್ಲದೆ ನಡೆದ ವ್ಯಾಪಾರ ಎಷ್ಟೇ ದೊಡ್ಡದಿರಲಿ, ಈ ಲೆಕ್ಕದಲ್ಲಿ ಅದು ಶೂನ್ಯ.

ಟ್ರೆಡ್ಸ್ ವ್ಯವಸ್ಥೆ

ಬಾಕಿ ಬಿಲ್ಲನ್ನೇ ಹಣವಾಗಿಸುವ ವೇದಿಕೆ ಟ್ರೆಡ್ಸ್. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ 2017ರಲ್ಲಿ ಆರಂಭವಾದ ಇಂತಹ ವೇದಿಕೆಗಳು. ಕಿರು, ಸಣ್ಣ ಅಥವಾ ಮಧ್ಯಮ ಉದ್ದಿಮೆ ತನ್ನ ಬಿಲ್ಲನ್ನು ಇಲ್ಲಿ ದಾಖಲಿಸುತ್ತದೆ. ಖರೀದಿದಾರ ಕಂಪನಿ ಒಪ್ಪುತ್ತದೆ. ಬ್ಯಾಂಕುಗಳು ಬಡ್ಡಿದರದ ಹರಾಜಿನಲ್ಲಿ ಭಾಗವಹಿಸುತ್ತವೆ. ಗಡುವಿನ ದಿನ ಕಂಪನಿಯು ಬ್ಯಾಂಕಿಗೆ ಹಣ ತೆರುತ್ತದೆ. ಅದು ತಪ್ಪಿದರೂ ಬ್ಯಾಂಕು ಮಾರಾಟಗಾರನಿಂದ ಹಣ ಮರಳಿ ಕೇಳುವಂತಿಲ್ಲ.

ಒಂದು ಉದಾಹರಣೆ: ಕೊಬ್ಬರಿ ಪುಡಿ ಘಟಕವೊಂದಕ್ಕೆ 10 ಲಕ್ಷ ರೂಪಾಯಿ 45 ದಿನಗಳ ನಂತರ ಬರಬೇಕಿದೆ. ವಾರ್ಷಿಕ ಶೇ. 9ರ ದರ ದೊರೆತರೆ ತಗಲುವ ಬಡ್ಡಿ ಸುಮಾರು 11,096 ರೂ.; ವೇದಿಕೆಯ ಶುಲ್ಕ ಪ್ರತ್ಯೇಕ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯ ಕೈಸಾಲವಾದರೆ ಅದೇ ಅವಧಿಗೆ 30,000 ರೂ. ಇಷ್ಟು ವ್ಯತ್ಯಾಸವೇ ಸಣ್ಣ ಘಟಕದ ಲಾಭವನ್ನು ಉಳಿಸಬಹುದು, ಅಳಿಸಲೂಬಹುದು.

ಗಮನಿಸಬೇಕಾದ ಮಿತಿಗಳು

250 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಟ್ರೆಡ್ಸ್‌ನಲ್ಲಿ ನೋಂದಾಯಿಸಬೇಕೆಂದು ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಆದೇಶಿಸಿತು. ಆದರೆ ನೋಂದಣಿಯೊಂದೇ ಸಾಲದು. ಖರೀದಿದಾರನು ಬಿಲ್ಲನ್ನು ಒಪ್ಪದಿದ್ದರೆ ಹಣ ಹುಟ್ಟದು. ಆದ್ದರಿಂದ ಸರಕು ಕಳುಹಿಸುವ ಮೊದಲೇ ಈ ಷರತ್ತನ್ನು ಖರೀದಿ ಆದೇಶದಲ್ಲಿ ಬರೆಸಿಕೊಳ್ಳುವುದು ಜಾಣತನ.

ವರ್ತಕರು ಇನ್ನೊಂದು ಅಂಶವನ್ನು ಮರೆಯಬಾರದು. 2021ರ ಜುಲೈನಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ತೆರೆಯಿತಾದರೂ, ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತವಾಯಿತು. 45 ದಿನಗಳೊಳಗೆ ಹಣ ಪಾವತಿಯಾಗಬೇಕೆಂಬ 2006ರ ಕಾಯಿದೆಯ ರಕ್ಷಣೆ ಕಿರು ಮತ್ತು ಸಣ್ಣ ತಯಾರಕರಿಗೆ, ಸೇವಾ ಘಟಕಗಳಿಗೆ ಉಂಟು. ಕೊಂಡು ಮಾರುವ ಮಂಡಿ ವರ್ತಕರಿಗಿಲ್ಲ.

ಮೊಬೈಲ್ ಮೂಲಕ ಸಾಲ ಪಡೆಯುವವರು ಒಟ್ಟು ವಾರ್ಷಿಕ ವೆಚ್ಚವನ್ನು ತಿಳಿಸುವ ಮುಖ್ಯ ವಿವರ ಪತ್ರವನ್ನು ಓದದೆ ಒಪ್ಪಿಗೆ ಒತ್ತಬಾರದು.

ಹಿಂದೆ ಬೀರುವಿನಲ್ಲಿದ್ದ ಮನೆಪತ್ರ ಸಾಲ ತರುತ್ತಿತ್ತು. ಇನ್ನು ಮುಂದೆ ಸಕಾಲದಲ್ಲಿ ಸಲ್ಲಿಸಿದ ಜಿಎಸ್‌ಟಿ ವಿವರಪಟ್ಟಿ, ಖಾತೆಯ ಮೂಲಕವೇ ನಡೆದ ವ್ಯವಹಾರ ಮತ್ತು ಚೊಕ್ಕವಾದ ಬಿಲ್ಲುಪುಸ್ತಕಗಳೂ ಆ ಕೆಲಸ ಮಾಡಲಿವೆ. ಮನೆಯನ್ನು ಅಡವಿಡದೆ ಉದ್ದಿಮೆ ನಡೆಸುವ ಅವಕಾಶ ಲೆಕ್ಕವಿಟ್ಟವರಿಗೆ ಮಾತ್ರ ದೊರೆಯುತ್ತದೆ.