ಮಗುವಿನ ಪ್ರಾಣಿಮೋಹ

ಕಳೆದ ಮಳೆಗಾಲದಲ್ಲಿ ಅಜ್ಜಿಯೊಬ್ಬರು ಮೂರು ವರ್ಷ ತುಂಬದ ಮೊಮ್ಮಗನನ್ನು ಎತ್ತಿಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದರು. "ಡಾಕ್ಟರ್ರ, ನಮ್ಮ ಕೂಸಿಗೆ ನಾಯಿ ಹುಚ್ಚು ಹಿಡದೈತ್ರೀ" ಎಂದರು. ಒಂದು ಕ್ಷಣ ನಾನು ಬೆಚ್ಚಿದೆ. ವಿಚಾರಿಸಿದಾಗ ತಿಳಿದದ್ದು ಬೇರೆ. ಓಣಿಯ ನಾಯಿಮರಿಯೊಂದರ ಮೇಲೆ ಮಗುವಿಗೆ ಅತೀವ ಮೋಹ. ಎದ್ದೊಡನೆ ಅದರದೇ ಧ್ಯಾನ. ಅದು ಕಣ್ಣೆದುರಿಗಿದ್ದರೆ ಮಾತ್ರ ತುತ್ತು ಬಾಯಿಗೆ ಹೋಗುವುದು. ಮಲಗುವ ದಿಂಬಿಗೂ ಅದೇ ಹೆಸರು.

ಇದು ರೋಗವಲ್ಲ. ಎಳೆಯ ವಯಸ್ಸಿನಲ್ಲಿ ಎಷ್ಟೋ ಮಕ್ಕಳ ಮನಸ್ಸು ಒಂದೇ ವಸ್ತುವಿಗೆ, ಒಂದೇ ಪ್ರಾಣಿಗೆ ಅಂಟಿಕೊಳ್ಳುತ್ತದೆ. ಕಾಲಕ್ರಮೇಣ ತಾನೇ ಸಡಿಲುತ್ತದೆ. ಅಲ್ಲಿಯವರೆಗೆ ಆ ಪ್ರೀತಿಯೇ ಮಗುವಿನ ಪಾಠಶಾಲೆ. ಮರಿಗೆ ಕಾಲೆಷ್ಟು, ಬಾಲ ಯಾವ ಬಣ್ಣ, ಅದಕ್ಕೆ ಹಸಿವಾದರೆ ಏನು ಮಾಡುತ್ತದೆ ಎಂದು ಕೇಳುತ್ತಾ ಹೋದರೆ ಮಾತು ಬೆಳೆಯುತ್ತದೆ. ಆದರೆ ಹೆಸರು ಹಿಡಿದು ಕರೆದರೂ ತಿರುಗದ, ಮುಖ ನೋಡದ, ಎರಡು ವರ್ಷವಾದರೂ ಎರಡು ಪದ ಜೋಡಿಸದ ಮಗುವನ್ನು ಮಕ್ಕಳ ತಜ್ಞರಿಗೆ ತೋರಿಸಲೇಬೇಕು. ಈ ಹುಡುಗನಿಗೆ ಅಂಥದ್ದೇನೂ ಇರಲಿಲ್ಲ.

ನಾಡಿ ನೋಡಲು ಕೈ ಹಿಡಿದಾಗ ಮುಂಗೈ ಮೇಲೆ ಅರಿಶಿನದ ಕಲೆ ಕಂಡಿತು. ಅದರಡಿ ಹಲ್ಲು ತರಚಿದ ಗಾಯ. ಮೂರು ದಿನವಾಗಿತ್ತಂತೆ. ಮುಳ್ಳು ಗೀರಿರಬೇಕೆಂದು ಮನೆಯವರು ತಿಳಿದಿದ್ದರು. ಮಗು ಏಕೆ ಹೇಳಲಿಲ್ಲ? "ಅದನ್ನ ಮುಟ್ಟಿದರ ಓಡಿಸಿಬಿಡ್ತೀವಿ" ಎಂದು ದಿನವೂ ಗದರುತ್ತಿದ್ದರು. ಊಟ ಬೇಡವೆಂದರೆ, ನಾಯಿ ಬಂದು ಕಚ್ಚುತ್ತದೆ ಎಂಬ ಬೆದರಿಕೆ ಬೇರೆ!

ಮಗುವನ್ನು ಹೆದರಿಸುವುದು ಒಳ್ಳೆಯದಲ್ಲ, ಅತ್ತರೂ ಉಣ್ಣದಿದ್ದರೂ ರಾಕ್ಷಸ, ಪಿಶಾಚಿಗಳ ಹೆಸರೆತ್ತಬಾರದು ಎಂದು ಚರಕಸಂಹಿತೆಯ ಶಾರೀರಸ್ಥಾನ ಸ್ಪಷ್ಟವಾಗಿ ಹೇಳಿದೆ. ಆಟಿಕೆ ಹಗುರವಾಗಿರಬೇಕು, ಮೊನೆಯಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಭಯ ಹುಟ್ಟಿಸಬಾರದು ಎಂಬ ವಿವರವೂ ಅಲ್ಲಿಯೇ ಇದೆ. ಹಳೆಯ ಸೀರೆಯ ತುಂಡಿನಲ್ಲಿ ಹೊಲಿದ ನಾಯಿಮರಿ ಈ ಲಕ್ಷಣಗಳಿಗೆಲ್ಲ ಸರಿಹೊಂದುತ್ತದೆ.

ಅಂದೇ ಅವರನ್ನು ಸರ್ಕಾರಿ ಆಸ್ಪತ್ರೆಗೆ ಕಳುಹಿಸಿದೆ. "ನಿಮ್ಮಲ್ಲೇ ಔಷಧ ಇಲ್ಲೇನ್ರೀ?" ಎಂದು ಅಜ್ಜಿ ಕೇಳಿದರು. ಇಲ್ಲ. ಹುಚ್ಚುನಾಯಿಯ ವಿಷವೇರಿ ನೀರಿಗೆ ಅಂಜುವ ಸ್ಥಿತಿ ಬಂದರೆ ಅದು ಮರಣಸೂಚಕವೆಂದು ಸುಶ್ರುತರೇ ಬರೆದಿದ್ದಾರೆ. ಇಂದಿಗೂ ರೋಗಲಕ್ಷಣ ಕಾಣಿಸಿದ ಮೇಲೆ ಬದುಕುವುದು ಅತ್ಯಂತ ವಿರಳ. ಅದಕ್ಕೆ ಮೊದಲು ಲಸಿಕೆಯೊಂದೇ ದಾರಿ. ನಾಟಿ ಔಷಧ, ಮಂತ್ರವೆಂದು ಕಾಲ ಕಳೆಯುವವರನ್ನು ಕಂಡರೆ, ಆಯುರ್ವೇದದವನಾದ ನನಗೇ ಸಿಟ್ಟು ಬರುತ್ತದೆ.

ನಾಯಿಯಾಗಲಿ ಬೆಕ್ಕಾಗಲಿ ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ನೆಕ್ಕಿದರೆ ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಖಾರದ ಪುಡಿ, ಸುಣ್ಣ ಹಚ್ಚಬೇಡಿ. ಮರಿಯಲ್ಲವೇ ಎಂಬ ಉದಾಸೀನವೂ ಬೇಡ. ಮರಿಗಳಿಗೂ ಈ ರೋಗ ಬರುತ್ತದೆ. ತಡವಾಗಿದ್ದರೂ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ ದಿನಗಳಂದು ಎಲ್ಲ ಚುಚ್ಚುಮದ್ದುಗಳನ್ನೂ ಪೂರೈಸಿರಿ.

ಹುಡುಗ ಕ್ಷೇಮವಾಗಿದ್ದಾನೆ. ಮರಿಯನ್ನು ಮನೆಯವರೇ ಸಾಕಿಕೊಂಡು, ಪಶುವೈದ್ಯರಲ್ಲಿ ಅದಕ್ಕೂ ಲಸಿಕೆ ಹಾಕಿಸಿದ್ದಾರೆ. ಸಂಜೆ ಕೈಕಾಲು ತೊಳೆಸುವಾಗ ಅಜ್ಜಿ, "ಇವತ್ತ ನಿನ್ನ ಗೆಣೆಯಾ ಎಲ್ಲೆಲ್ಲಿ ಮುಟ್ಟಿದಾ?" ಎಂದು ನಗುತ್ತಾ ಕೇಳುತ್ತಾರಂತೆ. ಅವನು ಎರಡೂ ಕೈ ಚಾಚಿ ತೋರಿಸುತ್ತಾನೆ.